ಕೃಷ್ಣೆಯ ದಂಡೆಯಲ್ಲಿ ಸೋತ ಬಂದರು: ಭಟ್ಕಳದ ಹಳೇ ಪೇಟೆ ಉಳಿದುಬಂದ ಕಥೆ

ರಬಕವಿಯ ಪಕ್ಕದಿಂದ, ಜಮಖಂಡಿ ಮತ್ತು ಬೀಳಗಿಯ ಸೀಮೆ ದಾಟಿ ಪೂರ್ವಕ್ಕೆ ಹರಿಯುವ ಕೃಷ್ಣೆ ಮುಂದೆ ರಕ್ಕಸಗಿ, ತಂಗಡಗಿ ಎಂಬ ಎರಡು ಹಳ್ಳಿಗಳ ಬಳಿ ಹಾದು ಸಾಗುತ್ತದೆ. 1565ರ ಜನವರಿ 23ರಂದು ಆ ಆಸುಪಾಸಿನಲ್ಲಿ ನಡೆದ ಕಾಳಗದಲ್ಲಿ ವಿಜಯನಗರ ಸೋತಿತು, ರಾಮರಾಯನ ತಲೆ ಉರುಳಿತು, ಹಂಪಿ ಹಾಳಾಯಿತು. ಇಷ್ಟನ್ನು ನಮ್ಮ ಬಾಗಲಕೋಟೆ ಕಡೆಯ ಶಾಲೆಯ ಮಕ್ಕಳೂ ಹೇಳುತ್ತಾರೆ. ಕಾಳಗ ನಡೆದ ನೆಲ ಯಾವುದು, ನದಿಯ ಯಾವ ದಂಡೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ತಾಳಿಕೋಟೆ ಎಂಬ ಹೆಸರು ಮಾತ್ರ ಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಈ ಸೋಲು ಸಹ್ಯಾದ್ರಿಯ ಆಚೆ, ಸಮುದ್ರದ ಪಕ್ಕದ ಒಂದು ಊರಿಗೆ ಏನು ಮಾಡಿತು ಎಂಬುದನ್ನು ಮಾತ್ರ ಪಾಠ ಹೇಳುವುದಿಲ್ಲ. ಆ ಊರು ಭಟ್ಕಳ.

ಇಂದು ಭಟ್ಕಳದ ಹೆಸರು ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಬೇರೆ ಕಾರಣಗಳಿಗೆ. 1993ರ ಗಲಭೆಯ ನೆನಪು ಆ ಊರಿಗೆ ಅಂಟಿಕೊಂಡಿದೆ, ಹೊರಗಿನವರು ಅದರಾಚೆ ನೋಡಲು ಹೋಗುವುದಿಲ್ಲ. ಆದರೆ ರಾಷ್ಟ್ರೀಯ ಹೆದ್ದಾರಿ 66ರಿಂದ ಒಳಗಿಳಿದು ಹಳೇ ಪೇಟೆಯ ಇಕ್ಕಟ್ಟಾದ ಓಣಿಗಳಿಗೆ ಹೊಕ್ಕರೆ ಐದು ಶತಮಾನಗಳ ಹಿಂದಿನ ಬಂದರು ಪಟ್ಟಣದ ಮೈಕಟ್ಟು ಇನ್ನೂ ಕಾಣುತ್ತದೆ. ಕಲ್ಲಿನ ಬಸದಿ, ಕಲ್ಲಿನ ದೇಗುಲ, ಹಳೆಯ ಮಸೀದಿ, ನವಾಯತರ ಮನೆಗಳು ಎಲ್ಲವೂ ಕೂಗಳತೆಯಲ್ಲಿವೆ. ಕರ್ನಾಟಕದ ಕರಾವಳಿಯಲ್ಲಿ ಬಂದರಿನ ಕಾಲದ ಮೂಲ ಕೇಂದ್ರ ಜನವಸತಿಯೊಂದಿಗೇ ಉಳಿದುಬಂದ ಊರುಗಳು ಬಹಳ ಇಲ್ಲ. ಭಟ್ಕಳ ಉಳಿದದ್ದು ಹೇಗೆಂದು ಹುಡುಕಹೊರಟರೆ ದಾರಿ ನಮ್ಮನ್ನು ಮತ್ತೆ ಕೃಷ್ಣೆಯ ಬಯಲಿಗೇ ತರುತ್ತದೆ. ಅದು ಕುದುರೆಗಳ ದಾರಿ.

ದಕ್ಷಿಣದ ಹವೆಗೆ, ಇಲ್ಲಿನ ಮೇವಿಗೆ ಯುದ್ಧದ ಕುದುರೆ ಚೆನ್ನಾಗಿ ಬೆಳೆಯುತ್ತಿರಲಿಲ್ಲ. ಬಹಮನಿಗಳಾಗಲಿ ವಿಜಯನಗರದವರಾಗಲಿ ಅಶ್ವದಳ ಕಟ್ಟಬೇಕೆಂದರೆ ಹೊರ್ಮುಜ್‌ನಿಂದ, ಏಡನ್ನಿನಿಂದ ಹಡಗಿನಲ್ಲಿ ಕುದುರೆ ತರಿಸಬೇಕು. ಬಹಮನಿಗಳಿಗೆ ದಾಭೋಳ, ಚೌಲ್ ಬಂದರುಗಳಿದ್ದವು. ವಿಜಯನಗರಕ್ಕೆ ಹೊನ್ನಾವರ, ಭಟ್ಕಳ ಮೊದಲಾದವು. ಒಂದು ಕುದುರೆಯ ಬೆಲೆ ಎಷ್ಟಿತ್ತೆಂದರೆ, ಅದೇ ಕಾಲದಲ್ಲಿ ಬಹಮನಿ ನಾಡಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿಟಿನ್ ತನ್ನ ಬಂಡವಾಳವನ್ನೆಲ್ಲ ಒಂದೇ ಒಂದು ಗಂಡುಕುದುರೆಯ ಮೇಲೆ ಹಾಕಿದ್ದ. ಜುನ್ನರಿನ ಖಾನ ಆ ಕುದುರೆಯನ್ನು ಕಿತ್ತುಕೊಂಡಾಗ ಅವನು ಪಟ್ಟ ಸಂಕಟ ಅವನ ಬರಹದಲ್ಲಿ ಕಾಣುತ್ತದೆ. ವಿಜಯನಗರದ ಸಾಳುವ ನರಸಿಂಹನ ಬಗ್ಗೆ ಪೋರ್ಚುಗೀಸ್ ಬರಹಗಾರ ನೂನಿಜ್ ಇನ್ನೂ ಸೋಜಿಗದ ಮಾತು ಹೇಳುತ್ತಾನೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ರಾಜ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ವರ್ತಕ ಮುಂದಿನ ವರ್ಷವೂ ತನ್ನ ಬಂದರಿಗೇ ಬರಬೇಕು, ಶತ್ರುವಿನ ಬಂದರಿಗೆ ಹೋಗಬಾರದು ಎಂಬುದೇ ಆ ಔದಾರ್ಯದ ಹಿಂದಿದ್ದ ಲೆಕ್ಕ.

ಭಟ್ಕಳದಲ್ಲಿ ಈ ವ್ಯಾಪಾರ ನಡೆಸುತ್ತಿದ್ದವರಲ್ಲಿ ನವಾಯತರು ಪ್ರಮುಖರು. ಅರಬ್ ವರ್ತಕರ ಪೀಳಿಗೆಯವರು, ಶಾಫಿ ಪಂಥದ ಮುಸ್ಲಿಮರು, ಕೊಂಕಣಿಯ ಬುನಾದಿಯ ಮೇಲೆ ಅರಬ್ಬಿ, ಫಾರಸಿ ಪದಗಳು ಸೇರಿದ ನವಾಯತಿ ಅವರ ಮನೆಮಾತು. ಮೂಲ ಇರಾಕಿನ ಬಸ್ರಾ ಕಡೆಯದೆಂದು ಕೆಲವರು, ಯೆಮೆನ್ ಎಂದು ಕೆಲವರು ವಾದಿಸುತ್ತಾರೆ. ಒಂದೇ ಅಲೆಯಲ್ಲಿ ಬಂದವರಲ್ಲ, ಹಲವು ತಲೆಮಾರುಗಳ ಕಾಲ ಹಲವು ಬಂದರುಗಳಿಂದ ಬಂದು ನೆಲೆಸಿದವರು ಎಂದು ತಿಳಿಯುವುದೇ ನನಗೆ ಸರಿ ಕಾಣುತ್ತದೆ. ಊರನ್ನು ಆಳುತ್ತಿದ್ದವರು ಜೈನ ಅರಸರು. ಒಳನಾಡಿನ ಹಾಡುವಳ್ಳಿ ಮತ್ತು ಶರಾವತಿ ತೀರದ ಗೇರುಸೊಪ್ಪೆಯ ಮನೆತನಗಳು ವಿಜಯನಗರಕ್ಕೆ ಕಪ್ಪ ಕೊಟ್ಟುಕೊಂಡು ಕರಾವಳಿ ನೋಡಿಕೊಳ್ಳುತ್ತಿದ್ದವು. ಜೈನ ಅರಸ, ಮುಸ್ಲಿಂ ವರ್ತಕ, ಕೊಂಕಣಿ ಸೆಟ್ಟಿ ಈ ಮೂವರು ಕೈಜೋಡಿಸಿ ಪೇಟೆ ನಡೆಯುತ್ತಿತ್ತು. ಅಕ್ಕಿ, ಸಕ್ಕರೆ, ಕಬ್ಬಿಣ, ಕಾಳುಮೆಣಸು ಹೊರಗೆ ಹೋಗುತ್ತಿದ್ದವು. ಕುದುರೆ, ಮುತ್ತು ಒಳಗೆ ಬರುತ್ತಿದ್ದವು.

ಈ ಹೊಂದಾಣಿಕೆ ಒಮ್ಮೆ ರಕ್ತದಲ್ಲಿ ಮುರಿದುಬಿತ್ತು. ಅದನ್ನು ನಮಗೆ ತಿಳಿಸುವವನು ಹದಿನಾರನೆಯ ಶತಮಾನದ ಪೋರ್ಚುಗೀಸ್ ಇತಿಹಾಸಕಾರ ಜೋವೊ ಡಿ ಬಾರೋಸ್. ಭಟ್ಕಳ, ಹೊನ್ನಾವರದ ಮುಸ್ಲಿಂ ವರ್ತಕರು ಕುದುರೆಗಳನ್ನು ಬಹಮನಿಗಳಿಗೆ ಮಾರಿದರೆಂದು ವಿಜಯನಗರದ ದೊರೆ ಕೆರಳಿದ. ಅವರನ್ನು ಕೊಲ್ಲಿಸಲು ತನ್ನ ಕರಾವಳಿಯ ಸಾಮಂತನಿಗೆ ಆಜ್ಞೆ ಕೊಟ್ಟ. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಬಾರೋಸ್ ಬರೆಯುತ್ತಾನೆ. ಉಳಿದವರು ಗೋವೆಗೆ ಓಡಿಹೋಗಿ ಮಾಂಡವಿ ನದಿಯ ದಂಡೆಯಲ್ಲಿ ನೆಲೆಸಿದರು. ಮುಂದೆ ಪೋರ್ಚುಗೀಸರು ಗೆದ್ದುಕೊಂಡ ಗೋವಾ ನಗರ ಬೆಳೆದದ್ದು ಆ ನೆಲೆಯಿಂದ. ಬಾರೋಸ್‌ನ ಲೆಕ್ಕ 1479ಕ್ಕೆ ಬರುತ್ತದೆ. ಕೆಲವು ಇತಿಹಾಸಕಾರರು ಘಟನೆಯನ್ನು 1469ಕ್ಕೆ ಹಿಂದೆ ಸರಿಸುತ್ತಾರೆ. ಸತ್ತವರ ಸಂಖ್ಯೆ ಬಾಯಿಂದ ಬಾಯಿಗೆ ಬೆಳೆದಿರಬಹುದು. ಘಟನೆ ನಡೆದದ್ದರ ಬಗ್ಗೆ ಮಾತ್ರ ಹೆಚ್ಚಿನ ವಿದ್ವಾಂಸರಿಗೆ ಅನುಮಾನವಿಲ್ಲ.

ಇದೇ ವರ್ಷಗಳಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕೊಂಕಣದ ದಂಡಯಾತ್ರೆಯಲ್ಲಿದ್ದ. ಅವನೂ ದಾಭೋಳದಲ್ಲಿ ವರ್ತಕನಾಗಿಯೇ ಈ ದೇಶಕ್ಕೆ ಇಳಿದವನು, ಬಂದರಿನ ಬೆಲೆ ಗೊತ್ತಿದ್ದವನು. 1472ರಲ್ಲಿ ಗೋವೆ ಅವನ ಕೈ ಸೇರಿತು. ನಮ್ಮ ಮುಧೋಳದ ಘೋರ್ಪಡೆ ಮನೆತನ ತನ್ನ ಹೆಸರಿನ ಮೂಲವನ್ನು ಹುಡುಕುವುದು ಇದೇ ದಂಡಯಾತ್ರೆಯಲ್ಲಿ. ಖೇಳಣಾ, ಎಂದರೆ ಇಂದಿನ ವಿಶಾಳಗಡದ ಗೋಡೆಯನ್ನು ಉಡದ (ಮರಾಠಿಯಲ್ಲಿ ಘೋರ್ಪಡ್) ಸೊಂಟಕ್ಕೆ ಹಗ್ಗ ಕಟ್ಟಿ ಹತ್ತಿದ್ದಕ್ಕೆ ಬಹಮನಿ ಸುಲ್ತಾನ 1471ರಲ್ಲಿ ‘ರಾಜಾ ಘೋರ್ಪಡೆ ಬಹಾದ್ದೂರ್’ ಎಂಬ ಬಿರುದನ್ನೂ ಮುಧೋಳದ ಜಹಗೀರನ್ನೂ ಕೊಟ್ಟನೆಂದು ಮನೆತನದ ಫರ್ಮಾನುಗಳು ಹೇಳುತ್ತವೆ. ಆ ಫರ್ಮಾನುಗಳ ಸಾಚಾತನವನ್ನು ಜದುನಾಥ್ ಸರ್ಕಾರ್ ಅವರಂಥ ಇತಿಹಾಸಕಾರರು ಒಪ್ಪಲಿಲ್ಲ. ಕಾಗದದ ಜಗಳ ಏನೇ ಇರಲಿ, ಘಟಪ್ರಭೆಯ ದಂಡೆಯ ಒಂದು ಸಂಸ್ಥಾನದ ಹುಟ್ಟಿನ ಕಥೆ ಮತ್ತು ಭಟ್ಕಳದ ಹತ್ಯಾಕಾಂಡ ಒಂದೇ ಪೈಪೋಟಿಯ ಎರಡು ತುದಿಗಳು. ಪಶ್ಚಿಮದ ಬಂದರುಗಳು ಯಾರ ಕೈಯಲ್ಲಿರಬೇಕು ಎಂಬುದೇ ಆ ಪೈಪೋಟಿ.

ಹತ್ಯಾಕಾಂಡದಿಂದ ಭಟ್ಕಳ ಚೇತರಿಸಿಕೊಂಡಿತು. ಆದರೆ ಚೇತರಿಸಿಕೊಳ್ಳುವಷ್ಟರಲ್ಲಿ ಸಮುದ್ರಕ್ಕೆ ಹೊಸ ಯಜಮಾನರು ಬಂದಿದ್ದರು. 1502ರಲ್ಲಿ ಎರಡನೆಯ ಸಲ ಭಾರತಕ್ಕೆ ಬಂದ ವಾಸ್ಕೋ ಡ ಗಾಮ ಭಟ್ಕಳದ ಮೇಲೆ ಬಿದ್ದು, ಪ್ರತಿವರ್ಷ ಅಕ್ಕಿಯ ಕಪ್ಪ ಕೊಡುವಂತೆ ಮಾಡಿದ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ ಮೇಲೆ ಪೆಟ್ಟು ಜೋರಾಯಿತು. ಕುದುರೆ ತುಂಬಿದ ಹಡಗುಗಳೆಲ್ಲ ಗೋವೆಗೇ ಬರಬೇಕು, ಅಲ್ಲಿಯೇ ಸುಂಕ ಕಟ್ಟಬೇಕು ಎಂಬುದು ಅವನ ನೀತಿ. ಭಟ್ಕಳದಲ್ಲಿ ಕೋಟೆ ಕಟ್ಟಲು ಅಪ್ಪಣೆ ಬೇಕೆಂದು ಕೃಷ್ಣದೇವರಾಯನ ಆಸ್ಥಾನಕ್ಕೆ ದೂತರನ್ನೂ ಕಳಿಸಿದ.

ಆದರೂ ಆಗಿನ ಭಟ್ಕಳ ಸಣ್ಣದೇನಾಗಿರಲಿಲ್ಲ. ಇಟಲಿಯ ವರ್ತೇಮ, ಪೋರ್ಚುಗಲ್ಲಿನ ಬಾರ್ಬೋಸ ಇಬ್ಬರೂ ಅದರ ಸಿರಿಯನ್ನು ಬರೆದಿಟ್ಟಿದ್ದಾರೆ. 1520ರ ಸುಮಾರಿಗೆ ಹಂಪಿಯನ್ನು ಕಂಡು ಬೆರಗಾದ ದೊಮಿಂಗೊ ಪಾಯೆಸ್ ಭಟ್ಕಳದಿಂದ ಘಟ್ಟ ಹತ್ತುವ ದಾರಿಯನ್ನೂ, ಆ ದಾರಿಯಲ್ಲಿ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಸಾಗುವುದನ್ನೂ ವರ್ಣಿಸಿದ್ದಾನೆ. ಹಂಪಿಯ ಬಜಾರಿನ ಹೊಳಪಿಗೆ ಈ ಎತ್ತುಗಳ ಗೊರಸೂ ಕಾರಣ ಎಂಬುದನ್ನು ನಾವು ಮರೆತಿದ್ದೇವೆ.

1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿ ಸೋಜ ಭಟ್ಕಳದ ಮೇಲೆ ನುಗ್ಗಿದ. ಆಗ ಊರನ್ನು ಆಳುತ್ತಿದ್ದವಳು ಒಬ್ಬ ರಾಣಿ. ಕಪ್ಪ ಬಾಕಿ, ಕಡಲುಗಳ್ಳರಿಗೆ ಆಶ್ರಯ ಎಂಬ ನೆಪಗಳಿದ್ದವು. ಪೇಟೆಯನ್ನು ಸೂರೆಮಾಡಿ ಸುಟ್ಟರು. ಲೂಟಿಯ ಪಾಲಿಗಾಗಿ ಪೋರ್ಚುಗೀಸ್ ಸೈನಿಕರೇ ಪರಸ್ಪರ ಬಡಿದಾಡಿಕೊಂಡರೆಂದು ಅವರದೇ ಚರಿತ್ರೆ ಹೇಳುತ್ತದೆ. ಇದಾಗಿ ಐದು ವರ್ಷಕ್ಕೆ, 1547ರಲ್ಲಿ, ವಿಜಯನಗರವೇ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡಿತು. ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕಿಲ್ಲ ಎಂಬುದು ಅದರ ಮುಖ್ಯ ಮಾತು. ರಾಮರಾಯನ ಕಣ್ಣು ಬಿಜಾಪುರದ ಮೇಲಿತ್ತು. ಭಟ್ಕಳದ ಸುಂಕಕ್ಕಿಂತ ಶತ್ರುವಿಗೆ ಕುದುರೆ ಸಿಗದಿರುವುದು ಅವನಿಗೆ ದೊಡ್ಡದಾಗಿ ಕಂಡಿತು. ತನ್ನದೇ ಬಂದರನ್ನು ಬದಿಗೆ ಸರಿಸಿದ ಈ ನಿರ್ಧಾರ ನನ್ನ ಮಟ್ಟಿಗೆ ಭಟ್ಕಳದ ಚರಿತ್ರೆಯ ಬಹುದೊಡ್ಡ ತಿರುವು. 1542ರಲ್ಲಿ ಸುಟ್ಟ ಮನೆಗಳನ್ನು ಜನ ಮತ್ತೆ ಕಟ್ಟಿಕೊಂಡರು. 1547ರಲ್ಲಿ ಹೋದ ಹಡಗುಗಳನ್ನು ಮರಳಿ ತರುವುದು ಅವರ ಕೈಯಲ್ಲಿರಲಿಲ್ಲ.

ಮತ್ತೆ ಕಟ್ಟಿಕೊಂಡರು ಎಂಬುದಕ್ಕೆ ಸಾಕ್ಷಿ ಕಣ್ಣೆದುರೇ ಇದೆ. ಇಂದು ಹಳೇ ಪೇಟೆಯಲ್ಲಿ ನಿಂತಿರುವ ಕಲ್ಲಿನ ಕಟ್ಟಡಗಳಲ್ಲಿ ಮುಖ್ಯವಾದವು ಆ ಶತಮಾನದವು. ಕೊಂಕಣಿ ಗೃಹಸ್ಥ ಕೇತಪಯ್ಯ ಕಟ್ಟಿಸಿದ ನಾರಾಯಣ ದೇವಸ್ಥಾನದ ಗೋಡೆಯ ಬುಡದಲ್ಲಿ ರಾಮಾಯಣದ ದೃಶ್ಯಗಳು ಸಾಲಾಗಿ ಸಾಗುತ್ತವೆ. ಓರೆಯಾಗಿ ಜೋಡಿಸಿದ ಕಲ್ಲಿನ ಪಟ್ಟಿಗಳ ಜಾಲಂದ್ರ ಗಾಳಿ ಬೆಳಕನ್ನು ಒಳಗೆ ಬಿಟ್ಟು ಮಳೆಯ ಇರಚಲನ್ನು ಹೊರಗೇ ತಡೆಯುತ್ತದೆ. ಮರದಲ್ಲಿ ಮಾಡಬೇಕಾದ್ದನ್ನು ಕಲ್ಲಿನಲ್ಲಿ ಮಾಡಿದ ಕೈಚಳಕವದು. ಮಾಡಿನ ಮೇಲೂ ಹಂಚಿನಂತೆ ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿಗಳು. ನಮ್ಮ ಐಹೊಳೆ, ಪಟ್ಟದಕಲ್ಲುಗಳನ್ನು ನೋಡಿ ಬೆಳೆದ ಕಣ್ಣಿಗೆ ಇದು ಬೇರೆಯದೇ ಜಾತಿಯ ಕಟ್ಟಡ, ಕರಾವಳಿಯ ಮಳೆ ಕಲಿಸಿದ ವಾಸ್ತು. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಊರಿನ ಬಸದಿಗಳಲ್ಲೆಲ್ಲ ದೊಡ್ಡದು, ಎದುರಿಗೆ ಎತ್ತರದ ಮಾನಸ್ತಂಭ. ಚಿನ್ನದ ಪಳ್ಳಿ ಎಂದು ಜನ ಕರೆಯುವ ಜಾಮಿಯಾ ಮಸೀದಿಯೂ ಇದೇ ಹಳೇ ಊರಿನಲ್ಲಿದೆ. ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟಿಸಿದ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಗ್ರಂಥದಲ್ಲಿ ಚಾಲುಕ್ಯರದಲ್ಲದ ಈ ಊರಿಗೂ ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ.

ಇನ್ನು 1565. ಅಶ್ವದಳಕ್ಕಾಗಿ ಇಷ್ಟೆಲ್ಲ ಮಾಡಿದ ಸಾಮ್ರಾಜ್ಯ ಕೃಷ್ಣೆಯ ದಂಡೆಯಲ್ಲಿ ಒಂದೇ ದಿನದಲ್ಲಿ ಕುಸಿಯಿತು. ಕುದುರೆ ಕೊಳ್ಳುವವನೇ ಇಲ್ಲದ ಮೇಲೆ ಕುದುರೆಯ ಬಂದರಿಗೆ ಏನು ಕೆಲಸ? 1567ರಲ್ಲಿ ಗೋವೆಯ ಕುದುರೆ ವ್ಯಾಪಾರಿಗಳ ಜೊತೆ ವಿಜಯನಗರಕ್ಕೆ ಹೋದ ವೆನಿಸ್ಸಿನ ವರ್ತಕ ಚೆಸಾರೆ ಫೆಡೆರಿಚಿ ಅಲ್ಲಿ ಕಂಡದ್ದು ಪಾಳುಬಿದ್ದ ನಗರ. ಹಳೆಯ ಅರಮನೆಯ ಗುರುತುಳ್ಳ ಕುದುರೆಗಳನ್ನು ತಂದುಕೊಟ್ಟರೆ ಹಣ ಕೊಡುವೆನೆಂದು ಡಂಗುರ ಸಾರಿಸಿದ ಹೊಸ ಒಡೆಯ ಕುದುರೆ ಕೈಸೇರಿದ ಮೇಲೆ ವರ್ತಕರನ್ನು ಬರಿಗೈಲಿ ಅಟ್ಟಿದ. ಸತ್ತ ಕುದುರೆಯ ಬಾಲಕ್ಕೂ ಹಣ ಎಣಿಸಿದ ನರಸಿಂಹನ ಕಾಲದಿಂದ ಇಲ್ಲಿಗೆ ನೂರು ವರ್ಷವೂ ಆಗಿರಲಿಲ್ಲ. ಪೆಟ್ಟು ಗೋವೆಗೂ ಬಿತ್ತು. ಆದರೆ ಗೋವೆಗೆ ಯುರೋಪಿನ ಹಡಗುಗಳಿದ್ದವು. ಭಟ್ಕಳಕ್ಕೆ ಘಟ್ಟದ ಮೇಲಿನ ಸಾಮ್ರಾಜ್ಯವೊಂದೇ ಆಸರೆಯಾಗಿತ್ತು.

ಮುಂದಿನದು ಮೆಣಸಿನ ಕಾಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಸುಮಾರು ಅರ್ಧ ಶತಮಾನ ಅವಳು ಅವರೊಡನೆ ಕಾದಾಡುತ್ತ, ವ್ಯವಹರಿಸುತ್ತ ಕರಾವಳಿಯನ್ನು ಹಿಡಿದಿಟ್ಟುಕೊಂಡಳು. 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿದ. ಅವಳು ಸೆರೆಯಲ್ಲಿಯೇ ತೀರಿಕೊಂಡಳು. ಅಲ್ಲಿಂದ ಭಟ್ಕಳ ಕೆಳದಿಯವರ ಹಲವು ಬಂದರುಗಳಲ್ಲಿ ಒಂದಾಯಿತು.

ಇಂಗ್ಲಿಷರೂ ಒಮ್ಮೆ ಇಲ್ಲಿ ಅಂಗಡಿ ತೆರೆದು ನೋಡಿದರು. ಈಸ್ಟ್ ಇಂಡಿಯಾ ಕಂಪನಿಗೆ ಎದುರಾಳಿಯಾಗಿದ್ದ ಕೋರ್ಟೀನ್ ಕೂಟದ ಹಡಗುಗಳು 1637ರಲ್ಲಿ ಬಂದವು. ಅವುಗಳಲ್ಲಿದ್ದ ಪೀಟರ್ ಮಂಡಿ ಇಕ್ಕೇರಿಗೂ ಹೋಗಿಬಂದು ಬರೆದಿದ್ದಾನೆ. ಆ ಸಾಹಸ ಬೇಗ ಮುಗಿಯಿತು, ಕೆಲವು ಇಂಗ್ಲಿಷ್ ಸಮಾಧಿಗಳು ಉಳಿದವು. ಈ ಸಮಾಧಿಗಳ ಸುತ್ತ ಒಂದು ಕಥೆ ಬೆಳೆದಿದೆ. 1670ರ ಸುಮಾರಿಗೆ ಇಂಗ್ಲಿಷರ ನಾಯಿಯೊಂದು ಹಸುವನ್ನು ಕೊಂದಿತು, ರೊಚ್ಚಿಗೆದ್ದ ಜನ ಹದಿನೆಂಟು ಇಂಗ್ಲಿಷರನ್ನು ಕೊಂದು ಒಂದೇ ಗುಂಡಿಗೆ ಹಾಕಿದರು ಎಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆದ. ಸಮಾಧಿಯ ಕಲ್ಲುಗಳು ಹೇಳುವ ವರ್ಷಗಳು 1637, 1638. ಅವು ಹ್ಯಾಮಿಲ್ಟನ್ನನ ಕಥೆಗೆ ಹೊಂದುವುದಿಲ್ಲ. ಕಲ್ಲಿನ ಮಾತನ್ನು ನಂಬುವುದೇ ಮೇಲು.

1763ರಲ್ಲಿ ಹೈದರ್ ಕೆಳದಿಯವರ ಬಿದನೂರನ್ನು ಗೆದ್ದ. 1799ರಲ್ಲಿ ಕರಾವಳಿ ಕಂಪನಿಗೆ ಹೋಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಭಟ್ಕಳಕ್ಕೆ ಬಂದಾಗ ಸುಮಾರು 500 ಮನೆಗಳನ್ನು, ಎರಡು ಮಸೀದಿಗಳನ್ನು, 76 ಗುಡಿಗಳನ್ನು ಲೆಕ್ಕಕ್ಕೆ ಹಿಡಿದ. ಇಲ್ಲಿನ ಮುಸ್ಲಿಮರಲ್ಲಿ ಸಿರಿವಂತರು ಬಹಳ, ವ್ಯಾಪಾರಕ್ಕಾಗಿ ಕರಾವಳಿಯ ಬೇರೆ ಬೇರೆ ಕಡೆ ಹೋಗುತ್ತಾರೆ, ಆದರೆ ಮನೆ ಎಂದರೆ ಅವರಿಗೆ ಇದೇ ಊರು, ಹೆಂಡತಿ ಮಕ್ಕಳನ್ನು ಇಲ್ಲಿಯೇ ಬಿಟ್ಟು ಹೋಗುತ್ತಾರೆ ಎಂಬುದು ಅವನ ವರದಿ. ಭಟ್ಕಳದ ಹಳೇ ಪೇಟೆ ಉಳಿದ ಗುಟ್ಟು ಈ ಮಾತಿನಲ್ಲಿದೆ. ಹಡಗು ಊರಿಗೆ ಬರುವುದು ನಿಂತಾಗ ಊರಿನವರು ಹಡಗು ಇರುವಲ್ಲಿಗೆ ಹೋದರು, ದುಡಿದರು, ದುಡಿದದ್ದನ್ನು ಅದೇ ಓಣಿಗೆ, ಅದೇ ಮನೆಗೆ ತಂದರು. ಇಪ್ಪತ್ತನೆಯ ಶತಮಾನದಲ್ಲಿ ಮದ್ರಾಸು, ಕೊಲಂಬೊ, ಮುಂಬಯಿಗಳ ಜಾಗಕ್ಕೆ ದುಬೈ, ಸೌದಿ ಬಂದವು. ನಡೆ ಬದಲಾಗಲಿಲ್ಲ. 1919ರಲ್ಲಿ ಶುರುವಾದ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಶಿಕ್ಷಣ ಸಂಸ್ಥೆಗಳ ಹಿಂದೆಯೂ ಇಂಥ ಹೊರಗಿನ ದುಡಿಮೆಯ ಬಲವಿದೆ.

ಇನ್ನೊಂದು ಕಾರಣ ಕಂಪನಿ ಮತ್ತು ಬ್ರಿಟಿಷ್ ಸರ್ಕಾರದ ಅಲಕ್ಷ್ಯ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿ, ಧಾರವಾಡದ ಹತ್ತಿ ಸಾಗಿಸಲು ಕಾರವಾರವನ್ನು ಬೆಳೆಸಿದರು. ಅಲ್ಲಿ ಹೊಸ ರಸ್ತೆ, ಹೊಸ ಕಚೇರಿ, ಹೊಸ ಊರು ಎದ್ದವು. ಮಂಗಳೂರಿನಲ್ಲಿ ವ್ಯಾಪಾರ ನಿಲ್ಲಲೇ ಇಲ್ಲ, ಆದ್ದರಿಂದ ಅಲ್ಲಿನ ಬಂದರಿನ ಪೇಟೆ ಮುರಿದು ಕಟ್ಟಿ ಮುರಿದು ಕಟ್ಟಿ ಬದಲಾಗುತ್ತ ಹೋಯಿತು. ಶರಾಬಿ ಹೊಳೆಯ ದಂಡೆಯ ಭಟ್ಕಳವನ್ನು ಯಾರೂ ಕೆಡವಿ ಕಟ್ಟುವ ಗೋಜಿಗೆ ಹೋಗಲಿಲ್ಲ. 1865ರ ನಂತರ ಮಂಗಳೂರಿನ ಬಾಸೆಲ್ ಮಿಷನ್ ಕಾರ್ಖಾನೆಯ ಹಂಚು ಕರಾವಳಿಯ ಮಾಡುಗಳನ್ನು ಏರಿತು. ಅದರ ಕೆಳಗಿನ ಚಿರೆಕಲ್ಲಿನ ಗೋಡೆ, ಮರದ ಉಪ್ಪರಿಗೆ, ಓಣಿಯ ತಿರುವು ಮೊದಲಿನಂತೆಯೇ ಇದ್ದವು. 1998ರಲ್ಲಿ ಬಂದ ಕೊಂಕಣ ರೈಲು ಕೂಡ ಹಳೇ ಪೇಟೆಯನ್ನು ಮುಟ್ಟದೆ ಊರಾಚೆ ಸಾಗಿತು.

ಭಟ್ಕಳದ ನಿರಾಶ್ರಿತರಿಂದ ಬೆಳೆದ, ಭಟ್ಕಳದ ಕುದುರೆಗಳನ್ನು ಕಸಿದುಕೊಂಡ ಹಳೇ ಗೋವೆ ಏನಾಯಿತು? ಸಾಂಕ್ರಾಮಿಕ ರೋಗಗಳಿಗೆ ಬೆದರಿ ಜನ ಬಿಟ್ಟುಹೋದರು, 1843ರಲ್ಲಿ ಪಣಜಿ ರಾಜಧಾನಿಯಾಯಿತು. ಇಂದು ಅಲ್ಲಿ ದೊಡ್ಡ ದೊಡ್ಡ ಇಗರ್ಜಿಗಳಿವೆ. ಅವುಗಳ ಸುತ್ತ ಇದ್ದ ಬೀದಿ, ಅಂಗಡಿ, ಮನೆಗಳು ತೆಂಗಿನ ತೋಟಗಳಲ್ಲಿ ಕರಗಿಹೋಗಿವೆ. ಗೆದ್ದ ಬಂದರಿನ ಪೇಟೆ ಅಳಿಯಿತು, ಸೋತ ಬಂದರಿನ ಪೇಟೆಯಲ್ಲಿ ಇನ್ನೂ ಒಲೆ ಉರಿಯುತ್ತಿದೆ.

ಹಳೇ ಊರು ಹೋಗುವುದೆಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಪೇಟೆಗಳನ್ನು, ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳನ್ನು ಕೊಟ್ಟವರು ನಾವು. ನೀರಾವರಿಗೆ ಬೇರೆ ದಾರಿಯಿರಲಿಲ್ಲ, ನಿಜ. ನವನಗರದಲ್ಲಿ ಅಗಲ ರಸ್ತೆಗಳು ಬಂದವು. ಆದರೆ ಯಾರ ಮನೆಯ ಪಕ್ಕ ಯಾರ ಮನೆ, ಯಾವ ಗುಡಿಯ ಎದುರು ಯಾವ ಅಂಗಡಿ ಎಂಬ ನೆರೆಹೊರೆಯನ್ನು ಯಾವ ಪ್ರಾಧಿಕಾರವೂ ಎತ್ತಿ ಬೇರೆಡೆ ನೆಡಲಾರದು. ಭಟ್ಕಳದಲ್ಲಿ ಆ ನೆರೆಹೊರೆ ಉಳಿದಿದೆ, ಮುಳುಗಿಸುವ ಅಣೆಕಟ್ಟೂ ಅಲ್ಲಿಲ್ಲ. ಅಲ್ಲಿನ ಅಪಾಯ ಒಂದೊಂದೇ ಮನೆಯಾಗಿ ಬರುವಂಥದು. ಹಳೆಯ ಮನೆ ಕೆಡವಿ ಕಾಂಕ್ರೀಟಿನ ಮನೆ ಎಬ್ಬಿಸುವ ಕುಟುಂಬವನ್ನು ದೂರುವಂತಿಲ್ಲ, ಅವರ ಅಗತ್ಯ ಅವರಿಗೆ.

ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆ ಇರುವುದು ಗುಡಿ ಬಸದಿಗಳಿಗೆ. ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು ಎಂದು ಕಾನೂನು ಹೇಳುತ್ತದೆ. ಈ ಕಾನೂನು ಬೇಡ ಎನ್ನುತ್ತದೆಯೇ ಹೊರತು ಹಳೆಯ ಮನೆಯನ್ನು ಉಳಿಸಿಕೊಳ್ಳುವವನಿಗೆ ನೆರವಾಗುವುದಿಲ್ಲ. ಸರ್ಕಾರ ಹಳೇ ಪೇಟೆಯ ಮನೆಗಳನ್ನು ಓಣಿ ಓಣಿಯಾಗಿ ಅಳೆದು, ಚಿತ್ರ ಬರೆಸಿ, ದಾಖಲೆ ಮಾಡಿಸಲಿ. ಮಾಡು, ಮರಗೆಲಸ ದುರಸ್ತಿ ಮಾಡಿಸಿಕೊಳ್ಳಲು ಒಪ್ಪುವ ಮನೆಯವರಿಗೆ ಹಣದ ನೆರವು ಕೊಡಲಿ. ಹೊರದೇಶದಲ್ಲಿ ದುಡಿಯುವ ಭಟ್ಕಳದವರು ಶಾಲೆ ಕಾಲೇಜು ಕಟ್ಟಿದ್ದಾರೆ, ಅಜ್ಜನ ಮನೆಯ ಕಡೆಗೂ ಕೈ ಚಾಚಲಿ. ಮುರುಡೇಶ್ವರಕ್ಕೆ ಬಸ್ಸು ಮಾಡಿಕೊಂಡು ಹೋಗುವ ಜಮಖಂಡಿ, ಮುಧೋಳ, ಬನಹಟ್ಟಿಯ ಜನರೇ, ಅಲ್ಲಿಂದ ಮುಂದೆ ಬಂದು ಅರ್ಧ ದಿನ ಭಟ್ಕಳಕ್ಕೆ ಕೊಡಿ. ಕೇತಪಯ್ಯನ ಗುಡಿಯ ಗೋಡೆಯನ್ನು ಸುತ್ತಿ ನೋಡಿ, ಜಟ್ಟಪ್ಪನ ಬಸದಿಯ ಕಂಬದ ಕೆಳಗೆ ನಿಲ್ಲಿ, ಪೇಟೆಯ ಓಣಿಗಳಲ್ಲಿ ನಡೆದು ಬನ್ನಿ.